ಸೈನಿಕನ ಸಂಬಳ ಯಾರು ಕೊಡುವುದು?

ಸುಡಾನಿನ ಎಣ್ಣೆಯನ್ನು ಕೈಯಾರೆ ಮುಟ್ಟಿದವನು ನಾನು. 2003ರಲ್ಲಿ ನಮ್ಮ ಸರಕಾರಿ ತೈಲ ಕಂಪನಿ ಒಎನ್‌ಜಿಸಿ ವಿದೇಶ್ ಸುಡಾನಿನ ಗ್ರೇಟರ್ ನೈಲ್ ತೈಲ ಯೋಜನೆಯಲ್ಲಿ ಶೇ 25ರಷ್ಟು ಪಾಲು ಕೊಂಡಿತು. ಅದೇ ವರ್ಷ ಸುರತ್ಕಲ್ ಹತ್ತಿರದ ಎಂಆರ್‌ಪಿಎಲ್ ರಿಫೈನರಿ ಕೂಡ ಒಎನ್‌ಜಿಸಿ ಕೈಗೆ ಬಂದಿತ್ತು. ಹಾಗಾಗಿ ಅಲ್ಲಿ ನಮ್ಮ ಪಾಲಿಗೆ ಸಿಕ್ಕಿದ ಕ್ರೂಡ್, ಅಂದರೆ ಕಚ್ಚಾ ಎಣ್ಣೆ, ಹಡಗೇರಿ ನೇರ ಮಂಗಳೂರಿಗೆ ಬಂತು. ಪೇಪರಿನಲ್ಲಿ ಫೋಟೊ, ಮಂತ್ರಿಗಳ ಭಾಷಣ, ಎಲ್ಲ ಆಯಿತು. ಪರದೇಶದ ಬಾವಿಯಲ್ಲಿ ನಮ್ಮದೇ ಎನ್ನಬಹುದಾದ ಎಣ್ಣೆ ಎಂಬ ಹೆಮ್ಮೆ ನಮಗೂ ಇತ್ತು.

ನಾನು ಲ್ಯಾಬಿನವನು. ಆ ಕ್ರೂಡಿಗೆ ನೈಲ್ ಬ್ಲೆಂಡ್ ಎಂದು ಹೆಸರು. ಗಂಧಕ ತೀರಾ ಕಡಿಮೆ, ಅದಕ್ಕೇ ರಿಫೈನರಿಯವರಿಗೆ ಪ್ರೀತಿ. ಆದರೆ ಮೇಣ ಜಾಸ್ತಿ. ಕ್ರೂಡ್ ಯಾವ ಉಷ್ಣತೆಯವರೆಗೆ ಹರಿಯುತ್ತದೆ ಎಂದು ನೋಡಲು ಪೋರ್ ಪಾಯಿಂಟ್ ಎಂಬ ಪರೀಕ್ಷೆ ಉಂಟು. ಬಿಸಿ ಮಾಡಿದ ಸ್ಯಾಂಪಲನ್ನು ಗಾಜಿನ ಜಾರಿನಲ್ಲಿ ತಣ್ಣಗಾಗಲು ಬಿಟ್ಟು, ಮೂರು ಮೂರು ಡಿಗ್ರಿ ಇಳಿದಾಗ ಜಾರನ್ನು ವಾಲಿಸಿ ನೋಡುವುದು. ಅಡ್ಡ ಹಿಡಿದರೂ ಅಲುಗಾಡಲಿಲ್ಲ ಎಂದರೆ ಮುಗಿಯಿತು. ನೈಲ್ ಬ್ಲೆಂಡ್ 30 ಡಿಗ್ರಿಗಿಂತ ಮೇಲೆಯೇ ಗಟ್ಟಿಯಾಗಿಬಿಡುತ್ತದೆ. ಅಂದರೆ ನಮ್ಮ ಮಳೆಗಾಲದಲ್ಲಿ ಅದು ಎಣ್ಣೆಯೇ ಅಲ್ಲ, ಟ್ಯಾಂಕಿಗೂ ಪೈಪಿಗೂ ಸದಾ ಶಾಖ ಕೊಡುತ್ತಿರಬೇಕು. ಇದನ್ನು ಇಷ್ಟು ವಿವರವಾಗಿ ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ಗೊತ್ತಾದೀತು.

ಲ್ಯಾಬ್ ರಿಪೋರ್ಟಿನಲ್ಲಿ ಸಾಂದ್ರತೆಗೆ, ಗಂಧಕಕ್ಕೆ, ನೀರಿಗೆ, ಉಪ್ಪಿಗೆ ಒಂದೊಂದು ಕಾಲಂ. ಎಣ್ಣೆ ತೆಗೆದ ಜಾಗದಲ್ಲಿ ಮೊದಲು ಯಾರ ಮನೆಯಿತ್ತು ಎಂಬುದಕ್ಕೆ ಕಾಲಂ ಇಲ್ಲ, ಅದು ಲ್ಯಾಬಿನ ಕೆಲಸವೂ ಅಲ್ಲ. ನಿವೃತ್ತನಾದ ಮೇಲೆ ಓದಲು ಸಮಯ ಸಿಕ್ಕಿತು, ಓದುತ್ತಾ ಬಂದೆ.

ಈಗ ಬರೆಯಲು ಕಾರಣ ನಮ್ಮ ನಿವೃತ್ತರ ವಾಟ್ಸ್ಯಾಪ್ ಗುಂಪು. 2025ರ ಅಕ್ಟೋಬರ್ ಕೊನೆಗೆ ಪಶ್ಚಿಮ ಸುಡಾನಿನ ಎಲ್ ಫಾಶರ್ ನಗರ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ಕೈಗೆ ಬಿದ್ದಾಗ ಯಾರೋ ಒಂದು ವಿಡಿಯೊ ಹಾಕಿದರು. ಕೊಂದವರೇ ಮೊಬೈಲಿನಲ್ಲಿ ಹಿಡಿದದ್ದು. ಅದರ ಕೆಳಗೆ ಇನ್ನೊಬ್ಬರು, "ಅಲ್ಲಿಯವರು ಹಾಗೇ ಮಾರಾಯ್ರೆ, ಕುಲ ಕುಲದ ಜಗಳ, ಸಾವಿರ ವರ್ಷದಿಂದ ಉಂಟು" ಎಂದು ಬರೆದರು. ಸಾಲಾಗಿ ಹೆಬ್ಬೆರಳುಗಳು ಎದ್ದವು. ಬರೆದವರು ಒಳ್ಳೆಯ ಮನುಷ್ಯ, ನನ್ನ ಜೊತೆ ಎಷ್ಟೋ ನೈಟ್ ಶಿಫ್ಟು ಮಾಡಿದವರು. ಗುಂಪಿನಲ್ಲಿ ವಾದಕ್ಕೆ ಇಳಿದರೆ ನಾಳೆ ವಾಕಿಂಗಿಗೆ ಜೊತೆ ಸಿಗುವುದಿಲ್ಲ. ಅದಕ್ಕೆ ಇಲ್ಲಿ.

ಸಾವಿರ ವರ್ಷದ ದ್ವೇಷ ಎಂಬ ಉತ್ತರ ಕೇಳಲು ಸುಲಭ. ಆದರೆ ಸುಡಾನಿನ ಉತ್ತರ ಮತ್ತು ದಕ್ಷಿಣದ ನಡುವಿನ ಮೊದಲ ಯುದ್ಧ 1972ರಲ್ಲಿ ಅಡಿಸ್ ಅಬಾಬಾ ಒಪ್ಪಂದದಿಂದ ನಿಂತಿತ್ತು. ಎರಡನೆಯದು ಶುರುವಾದದ್ದು 1983ರಲ್ಲಿ. ನಡುವಿನ ಹನ್ನೊಂದು ವರ್ಷ ಅದೇ ಜನ, ಅದೇ ಕುಲ, ಅದೇ ಧರ್ಮ. ಹಾಗಾದರೆ ಆ ಸಾವಿರ ವರ್ಷದ ದ್ವೇಷ ಅಷ್ಟು ಕಾಲ ಎಲ್ಲಿ ಹೋಗಿತ್ತು? ನನ್ನ ಪ್ರಶ್ನೆ ಬೇರೆ, ಕಾರ್ಖಾನೆಯಲ್ಲಿ ದುಡಿದವನ ಪ್ರಶ್ನೆ. ಸಾವಿರಾರು ಗಂಡಸರು ಹೊಲ ಬಿಟ್ಟು, ದನ ಬಿಟ್ಟು, ವರ್ಷಗಟ್ಟಲೆ ಬಂದೂಕು ಹಿಡಿದು ತಿರುಗಬೇಕಾದರೆ ಅವರ ಊಟ, ಗುಂಡು, ಗಾಡಿಯ ಡೀಸೆಲು, ಮನೆಗೆ ಕಳಿಸುವ ದುಡ್ಡು ಯಾರ ಜೇಬಿನಿಂದ ಬರುತ್ತದೆ? ಸಿಟ್ಟು ಎಲ್ಲ ದೇಶದಲ್ಲೂ ಇದೆ, ನಮ್ಮಲ್ಲೂ ಧಾರಾಳ. ಆ ಸಿಟ್ಟಿಗೆ ಸಂಬಳ ಕೊಡುವವನು ಸಿಕ್ಕಿದ ಕಡೆ ಅದು ಅಂತರ್ಯುದ್ಧವಾಗುತ್ತದೆ ಎಂಬುದು ನಾನು ಓದಿ ಕಂಡುಕೊಂಡದ್ದು. ಸುಡಾನಿನಲ್ಲಿ ಆ ಕೊಡುವವನು ಮೊದಲಿಗೆ ಸರಕಾರವೇ ಆಗಿತ್ತು.

ಹಿಂದಿನ ಕತೆ ಚುಟುಕಾಗಿ. 1899ರಿಂದ ಬ್ರಿಟಿಷರೂ ಈಜಿಪ್ಟಿನವರೂ ಜಂಟಿಯಾಗಿ ಆಳಿದರು ಎಂಬುದು ಕಾಗದದ ಮಾತು, ಆಳಿದ್ದು ಬ್ರಿಟಿಷರು. ಬಿಳಿ ನೈಲ್ ಮತ್ತು ನೀಲಿ ನೈಲ್ ಕೂಡುವ ರಾಜಧಾನಿ ಖಾರ್ಟೂಮಿನ ಸುತ್ತಮುತ್ತ ರೈಲು, ಶಾಲೆ, ಕಾಲೇಜು ಬಂದವು. 1925ರಲ್ಲಿ ಸೆನ್ನಾರ್ ಅಣೆಕಟ್ಟು ಕಟ್ಟಿ, ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಬೆಳೆಯಲು ಗೆಜೀರಾ ಎಂಬ ಬೃಹತ್ ನೀರಾವರಿ ಯೋಜನೆ ಮಾಡಿದರು. ದಕ್ಷಿಣವನ್ನು ಉತ್ತರದವರು ಕಾಲಿಡದ ಹಾಗೆ ಮುಚ್ಚಿಟ್ಟರು, ಪಶ್ಚಿಮದ ದಾರ್ಫುರನ್ನು ಹಾಗೇ ಬಿಟ್ಟರು. 1953ರ ಕೊನೆಗೆ ಸುಡಾನಿನ ಮೊದಲ ಚುನಾವಣೆ ನಡೆಸಿಕೊಟ್ಟವರು ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಈ ವಿಷಯ ನಮ್ಮ ಶಾಲೆಗಳಲ್ಲಿ ಯಾಕೆ ಹೇಳುವುದಿಲ್ಲವೋ! ಚುನಾವಣೆ ಚೆನ್ನಾಗಿಯೇ ನಡೆಯಿತು. ಆಮೇಲೆ ಬ್ರಿಟಿಷ್ ಅಧಿಕಾರಿಗಳು ಖಾಲಿ ಮಾಡಿದ ಸುಮಾರು ಎಂಟುನೂರು ಹುದ್ದೆಗಳಲ್ಲಿ ದಕ್ಷಿಣದವರಿಗೆ ಸಿಕ್ಕಿದ್ದು ಬೆರಳೆಣಿಕೆ. 1956ರ ಜನವರಿ 1ಕ್ಕೆ ಸ್ವಾತಂತ್ರ್ಯ. ಅದಕ್ಕೂ ಮೊದಲೇ, 1955ರ ಆಗಸ್ಟಿನಲ್ಲಿ, ದಕ್ಷಿಣದ ತೋರಿತ್ ಎಂಬಲ್ಲಿ ಸೈನಿಕರು ದಂಗೆ ಎದ್ದಿದ್ದರು.

ನನಗೆ ಕುತೂಹಲ ಹುಟ್ಟಿಸಿದ್ದು ಒಂದು ರಿಫೈನರಿಯ ಕತೆ. 1970ರ ದಶಕದ ಕೊನೆಗೆ ಅಮೆರಿಕದ ಶೆವ್ರಾನ್ ಕಂಪನಿಗೆ ದಕ್ಷಿಣದ ಬೆಂಟಿಯು ಪಟ್ಟಣದ ಸುತ್ತ ಎಣ್ಣೆ ಸಿಕ್ಕಿತು. ಶಾಂತಿ ಒಪ್ಪಂದದ ಪ್ರಕಾರ ದಕ್ಷಿಣಕ್ಕೆ ಆಗ ಸ್ವಂತ ಪ್ರಾದೇಶಿಕ ಸರಕಾರ ಇತ್ತು. ಎಣ್ಣೆ ನಮ್ಮ ನೆಲದ್ದು, ರಿಫೈನರಿ ಬೆಂಟಿಯುವಿನಲ್ಲೇ ಕಟ್ಟಿ ಎಂದು ಅವರು ಕೇಳಿದರು. ಅಧ್ಯಕ್ಷ ನಿಮೇರಿ, ಉತ್ತರದ ಕೋಸ್ತಿಯಲ್ಲಿ ಕಟ್ಟುತ್ತೇವೆ ಎಂದ. ಕೊನೆಗೆ ಅದೂ ಬೇಡ, ಪೈಪ್‌ಲೈನ್ ಎಳೆದು ಪೋರ್ಟ್ ಸುಡಾನಿನಿಂದ ಕಚ್ಚಾ ಎಣ್ಣೆಯನ್ನೇ ಮಾರುವ ಎಂದಾಯಿತು. ಜೊತೆಗೆ ಎಣ್ಣೆಯಿರುವ ಭಾಗವನ್ನು ದಕ್ಷಿಣದಿಂದ ಬೇರ್ಪಡಿಸಲು ಗಡಿಗೆರೆ ತಿದ್ದುವ ಪ್ರಯತ್ನ ನಡೆಯಿತು.

ರಿಫೈನರಿ ಎಲ್ಲಿ ಬರುತ್ತದೆ ಎಂಬುದು ಸಣ್ಣ ವಿಷಯ ಎಂದು ರಿಫೈನರಿ ಪಕ್ಕ ಬದುಕದವರು ಮಾತ್ರ ಹೇಳಿಯಾರು. ಅದು ಬಂದ ಕಡೆ ರಸ್ತೆ ಬರುತ್ತದೆ, ಕರೆಂಟು, ಕಾಲೊನಿ, ಶಾಲೆ, ಕಾಂಟ್ರಾಕ್ಟು, ಹೋಟೆಲು ಬರುತ್ತದೆ, ಹುಡುಗರಿಗೆ ಕೆಲಸ ಸಿಗುತ್ತದೆ. ನಮ್ಮ ಕಡೆಯೂ ಯಾವುದೇ ಕೈಗಾರಿಕೆಗೆ ಭೂಮಿ ಹೋದವರ ಜಗಳ ವರ್ಷಾನುಗಟ್ಟಲೆ ನಡೆಯುತ್ತದೆ. ಆದರೆ ಅವರಿಗೆ ಡಿಸಿ ಕಚೇರಿ ಉಂಟು, ಕೋರ್ಟು ಉಂಟು, ಐದು ವರ್ಷಕ್ಕೊಮ್ಮೆ ಮನೆ ಬಾಗಿಲಿಗೆ ಬರಲೇಬೇಕಾದ ಶಾಸಕನಿದ್ದಾನೆ. ಫಲ ಸಿಗುತ್ತದೋ ಇಲ್ಲವೋ, ಬಾಗಿಲು ತಟ್ಟಲಿಕ್ಕಾದರೂ ಇದೆ. ಬೆಂಟಿಯುವಿನವರಿಗೆ ಇದ್ದ ಒಂದೇ ಬಾಗಿಲು ಆ ಪ್ರಾದೇಶಿಕ ಸರಕಾರ. 1983ರ ಜೂನಿನಲ್ಲಿ ನಿಮೇರಿ ಅದನ್ನೇ ಒಡೆದು ಮೂರು ಹೋಳು ಮಾಡಿದ, ಸೆಪ್ಟೆಂಬರಿನಲ್ಲಿ ಇಡೀ ದೇಶಕ್ಕೆ ಶರಿಯತ್ ಕಾನೂನು ತಂದ. ಅಷ್ಟರೊಳಗೆ ಬೋರ್ ಪಟ್ಟಣದ ಸೈನಿಕರು ದಂಗೆ ಎದ್ದಾಗಿತ್ತು, ಅವರನ್ನು ಅಡಗಿಸಲು ಕಳಿಸಿದ್ದ ಕರ್ನಲ್ ಜಾನ್ ಗರಾಂಗ್ ಅವರ ಜೊತೆಯೇ ಸೇರಿ ನಾಯಕನಾದ. 1984ರಲ್ಲಿ ಬಂಡುಕೋರರು ಶೆವ್ರಾನ್ ನೌಕರರನ್ನು ಕೊಂದರು, ಕಂಪನಿ ಕೆಲಸ ನಿಲ್ಲಿಸಿತು. ಈ ಯುದ್ಧಕ್ಕೆ 'ಉತ್ತರದ ಮುಸ್ಲಿಮರು, ದಕ್ಷಿಣದ ಕ್ರೈಸ್ತರು' ಎಂದು ಪತ್ರಿಕೆಗಳು ತಲೆಬರಹ ಕೊಟ್ಟವು. ಧರ್ಮ ಇರಲಿಲ್ಲ ಎಂದಲ್ಲ. ಆದರೆ ಬೆಂಟಿಯು, ಕೋಸ್ತಿ ಎಂಬ ಎರಡು ಊರಿನ ಹೆಸರನ್ನು ಬಿಟ್ಟು ಈ ಕತೆ ಹೇಳಿದರೆ ಅರ್ಧ ಹೇಳಿದ ಹಾಗೆ.

ಇನ್ನು ಸಂಬಳದ ವಿಷಯ. ಖಾರ್ಟೂಮಿನ ಸರಕಾರದ ಹತ್ತಿರ ದೊಡ್ಡ ಸೇನೆ ಸಾಕುವಷ್ಟು ಹಣ ಇರಲಿಲ್ಲ. ಅದಕ್ಕೆ 1980ರ ದಶಕದ ನಡುವಿನಲ್ಲಿ ಒಂದು ಅಗ್ಗದ ದಾರಿ ಹುಡುಕಿದರು. ಗಡಿಯ ಆಚೀಚೆ ದನ ಮೇಯಿಸುತ್ತಿದ್ದ ಬಗ್ಗಾರಾ ಅರಬರಿಗೆ ಬಂದೂಕು ಕೊಟ್ಟು, ದಕ್ಷಿಣದ ಡಿಂಕಾ ಕುಲದವರ ಹಳ್ಳಿಗಳ ಮೇಲೆ ಬಿಟ್ಟರು. ಸಂಬಳ? ಲೂಟಿ ಮಾಡಿದ ದನವೇ ಸಂಬಳ, ಹಿಡಿದು ತಂದ ಹೆಂಗಸರು ಮಕ್ಕಳೇ ಸಂಬಳ. ಆ ದನಗಾಹಿಗಳೂ ಬರದಲ್ಲಿ ಹಿಂಡು ಕಳೆದುಕೊಂಡು ಕಂಗಾಲಾದವರೇ. ಇಷ್ಟು ಅಗ್ಗದಲ್ಲಿ ಯುದ್ಧ ನಡೆಯುತ್ತದೆ ಎಂದು ಒಮ್ಮೆ ಗೊತ್ತಾದ ಮೇಲೆ ಖಾರ್ಟೂಮಿಗೆ ಆ ಚಟ ಬಿಡಲಿಲ್ಲ. 1989ರಲ್ಲಿ ಬಂದೂಕಿನ ಬಲದಿಂದ ಗದ್ದುಗೆ ಹಿಡಿದ ಒಮರ್ ಅಲ್ ಬಶೀರ್ ಅದನ್ನು ಪದ್ಧತಿಯನ್ನಾಗಿ ಮಾಡಿದ.

ಎಣ್ಣೆ ಹೊರಬಂದದ್ದು 1999ರಲ್ಲಿ. ಚೀನಾದ ಸಿಎನ್‌ಪಿಸಿ, ಮಲೇಷ್ಯಾದ ಪೆಟ್ರೊನಾಸ್, ಕೆನಡಾದ ಟ್ಯಾಲಿಸ್ಮನ್ ಸೇರಿ ಹೆಗ್ಲಿಗ್ ಎಂಬ ತೈಲಕ್ಷೇತ್ರದಿಂದ ಕೆಂಪು ಸಮುದ್ರದವರೆಗೆ 1,500 ಕಿಲೋಮೀಟರಿಗೂ ಉದ್ದದ ಪೈಪ್ ಎಳೆದವು. ಬಾವಿಗಳ ಸುತ್ತ ಯಾರೂ ಇರಬಾರದು ಎಂದು ಸೇನೆಯೂ ಅದು ಸಾಕಿದ ತಂಡಗಳೂ ಡಿಂಕಾ, ನುಎರ್ ಹಳ್ಳಿಗಳನ್ನು ಸುಟ್ಟು ಜನರನ್ನು ಓಡಿಸಿದವು. ಮಾನವ ಹಕ್ಕುಗಳ ಸಂಘಟನೆಗಳು ಇದನ್ನು ಆಗಲೇ ದಾಖಲಿಸಿದ್ದವು. ಅಮೆರಿಕದ ಕೋರ್ಟಿನಲ್ಲಿ ಟ್ಯಾಲಿಸ್ಮನ್ ಮೇಲೆ ಮೊಕದ್ದಮೆ ಬಿತ್ತು, ಮುಂದೆ ಅದು ವಜಾ ಆಯಿತು. ಆದರೆ ಟೀಕೆ ತಾಳಲಾಗದೆ ಕಂಪನಿ ತನ್ನ ಪಾಲು ಮಾರಿ ಹೊರಟಿತು. ಆ ಶೇ 25 ಕೊಂಡವರೇ ನಾವು. ಕೊಂಡದ್ದು ತಪ್ಪು ಎಂದು ಸುಲಭವಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ, ಎಣ್ಣೆಯಿಲ್ಲದ ದೇಶ ಎಲ್ಲಿಂದಾದರೂ ತರಲೇಬೇಕು. ಕೆನಡಾದವರು ಬಿಟ್ಟು ಹೋದದ್ದರಿಂದ ಓಡಿಸಲ್ಪಟ್ಟ ಒಬ್ಬನೂ ಹಳ್ಳಿಗೆ ಮರಳಲಿಲ್ಲ ಎಂಬುದೂ ನಿಜ. ಪಕ್ಕದ ಇನ್ನೊಂದು ಬ್ಲಾಕಿನಲ್ಲಿದ್ದ ಸ್ವೀಡನ್ನಿನ ಲುಂಡಿನ್ ಕಂಪನಿಯ ಹಿಂದಿನ ಇಬ್ಬರು ಮುಖ್ಯಸ್ಥರ ಮೇಲೆ ಯುದ್ಧಾಪರಾಧಕ್ಕೆ ನೆರವಾದ ಆರೋಪದ ವಿಚಾರಣೆ 2023ರಲ್ಲಿ ಸ್ಟಾಕ್‌ಹೋಮಿನಲ್ಲಿ ಶುರುವಾಯಿತು. ಅವರು ಆರೋಪ ಅಲ್ಲಗಳೆದಿದ್ದಾರೆ.

ಸುಮಾರು ಇಪ್ಪತ್ತು ಲಕ್ಷ ಜನ, ಹೆಚ್ಚಿನವರು ಹಸಿವು ಮತ್ತು ರೋಗದಿಂದ, ಸತ್ತ ಮೇಲೆ 2005ರಲ್ಲಿ ಒಪ್ಪಂದವಾಯಿತು. 2011ರ ಜುಲೈ 9ಕ್ಕೆ ದಕ್ಷಿಣ ಸುಡಾನ್ ಬೇರೆ ದೇಶ. ಹಳೆಯ ಸುಡಾನಿನ ಎಣ್ಣೆಯಲ್ಲಿ ಮುಕ್ಕಾಲು ಪಾಲು ಆಚೆ ಹೋಯಿತು, ಪೈಪು ಮತ್ತು ಬಂದರು ಈಚೆ ಉಳಿಯಿತು. ಪೈಪಿನ ಬಾಡಿಗೆ ಬ್ಯಾರಲಿಗೆ 30 ಡಾಲರಿಗೂ ಹೆಚ್ಚು ಕೊಡಿ ಎಂದು ಉತ್ತರ, ಒಂದು ಡಾಲರೂ ಜಾಸ್ತಿ ಎಂದು ದಕ್ಷಿಣ. ಸಿಟ್ಟಿನಲ್ಲಿ ದಕ್ಷಿಣದವರು 2012ರ ಜನವರಿಯಲ್ಲಿ ಬಾವಿಗಳನ್ನೇ ಬಂದ್ ಮಾಡಿದರು. ತಮ್ಮ ಸರಕಾರದ ಆದಾಯದಲ್ಲಿ ನೂರಕ್ಕೆ 98 ರೂಪಾಯಿ ಅದರಿಂದಲೇ ಬರುತ್ತಿದ್ದಾಗ!

ದಕ್ಷಿಣ ಸುಡಾನಿನಲ್ಲಿ ಆಮೇಲೆ ಆದದ್ದನ್ನು ನೋಡಿದರೆ 'ಉತ್ತರ ವಿರುದ್ಧ ದಕ್ಷಿಣ' ಎಂಬ ವಿವರಣೆ ಎಷ್ಟು ತೆಳು ಎಂದು ಗೊತ್ತಾಗುತ್ತದೆ. ಯುದ್ಧಕಾಲದಲ್ಲಿ ಖಾರ್ಟೂಮಿನ ಕಡೆ ನಿಂತು ತಮ್ಮವರ ಮೇಲೆಯೇ ಗುಂಡು ಹಾರಿಸಿದ್ದ ಗುಂಪುಗಳನ್ನೆಲ್ಲ ಅಧ್ಯಕ್ಷ ಸಾಲ್ವಾ ಕೀರ್ ಎಣ್ಣೆಯ ದುಡ್ಡಿನಿಂದ ಸೇನೆಯ ಪಟ್ಟಿಗೆ ಸೇರಿಸಿಕೊಂಡಿದ್ದ. ಶಾಂತಿ ಎಂದರೆ ಆ ಸಂಬಳ ಪಟ್ಟಿಯೇ. ನೂರಾರು ಜನರಲ್‌ಗಳು, ಪ್ರತಿಯೊಬ್ಬನ ಕೈಕೆಳಗೆ ತನ್ನದೇ ಕುಲದ ಹುಡುಗರು. ಎಣ್ಣೆ ನಿಂತಿತು, ಹಣ ಬತ್ತಿತು, ಮೇಲಿನವರ ಹಳೆಯ ವೈಷಮ್ಯ ತಲೆ ಎತ್ತಿತು. 2013ರ ಡಿಸೆಂಬರಿನಲ್ಲಿ ಕೀರ್ ಮತ್ತು ಆತ ವಜಾ ಮಾಡಿದ್ದ ಉಪಾಧ್ಯಕ್ಷ ರಿಯೆಕ್ ಮಚಾರ್ ಇವರ ಬೆಂಬಲಿಗರು ರಾಜಧಾನಿ ಜುಬಾದಲ್ಲೇ ಹೊಡೆದಾಡಿದರು, ಹೊಡೆದಾಟ ಕೀರ್‌ನ ಡಿಂಕಾ ಕುಲ ಮತ್ತು ಮಚಾರ್‌ನ ನುಎರ್ ಕುಲ ಎಂದು ಸೀಳಿಕೊಂಡು ಇಡೀ ದೇಶಕ್ಕೆ ಹರಡಿತು. ಹುಟ್ಟಿ ಎರಡೂವರೆ ವರ್ಷವಾಗಿರಲಿಲ್ಲ ಆ ದೇಶಕ್ಕೆ.

ಪೋರ್ ಪಾಯಿಂಟಿನ ಮಾತು ಈಗ. 2024ರ ಫೆಬ್ರುವರಿಯಲ್ಲಿ ದಕ್ಷಿಣ ಸುಡಾನಿನ ಮುಖ್ಯ ಪೈಪ್‌ಲೈನ್, ಉತ್ತರದ ಯುದ್ಧಭೂಮಿಯ ನಡುವೆ, ಒಡೆದುಹೋಯಿತು. ಅದರಲ್ಲಿ ಹರಿಯುವ ದಾರ್ ಬ್ಲೆಂಡ್ ಕೂಡ ಮೇಣದ ಕ್ರೂಡೇ, ಬಿಸಿ ತಪ್ಪಿದರೆ ಪೈಪಿನೊಳಗೇ ಗಟ್ಟಿಯಾಗುತ್ತದೆ. ಗಟ್ಟಿಯಾಯಿತು, ಒತ್ತಡಕ್ಕೆ ಪೈಪು ಬಿರಿಯಿತು. ಕದನದ ನಡುವೆ ರಿಪೇರಿಗೆ ಹೋಗುವವರು ಯಾರು? ಜುಬಾದ ಸರಕಾರಿ ನೌಕರರಿಗೂ ಸೈನಿಕರಿಗೂ ತಿಂಗಳುಗಟ್ಟಲೆ ಸಂಬಳವಿಲ್ಲ. ಸುದ್ದಿ ಓದಿದ ದಿನ ನಾನು ನಮ್ಮ ಹಳೆಯ ಪ್ಲಾಂಟಿನವರೊಬ್ಬರಿಗೆ ಫೋನ್ ಮಾಡಿ ಅರ್ಧ ಗಂಟೆ ಇದನ್ನೇ ಮಾತಾಡಿದೆ. ಮನೆಯಲ್ಲಿ ನಗಾಡಿದರು.

ಇನ್ನು ದಾರ್ಫುರ್. ಎಲ್ ಫಾಶರ್ ಇರುವುದು ಅಲ್ಲಿ. ಕರ್ನಾಟಕದ ಎರಡೂವರೆ ಪಟ್ಟು ದೊಡ್ಡ ಪ್ರದೇಶ, ಹೆಚ್ಚುಕಡಿಮೆ ಎಲ್ಲರೂ ಮುಸ್ಲಿಮರು, ಆದ್ದರಿಂದ ಧರ್ಮದ ಲೆಕ್ಕ ಇಲ್ಲಿ ನಡೆಯುವುದಿಲ್ಲ. 1916ರವರೆಗೆ ಸ್ವತಂತ್ರ ಸುಲ್ತಾನರ ನಾಡು. ಫರ್, ಮಸಾಲಿತ್ ಮುಂತಾದವರು ಹೆಚ್ಚಾಗಿ ಬೇಸಾಯಗಾರರು, ಅರಬ್ ಕುಲಗಳವರು ಹೆಚ್ಚಾಗಿ ಒಂಟೆ ಮತ್ತು ದನ ಮೇಯಿಸುವವರು. ನಮ್ಮ ಬಯಲುಸೀಮೆಯಲ್ಲಿ ಕೊಯ್ಲು ಮುಗಿದ ಹೊಲದಲ್ಲಿ ಕುರಿ ಮಂದೆ ತಂಗಿಸಿ, ಗೊಬ್ಬರಕ್ಕೆ ಪ್ರತಿಯಾಗಿ ಕುರುಬರಿಗೆ ಕಾಳು ಕೊಡುತ್ತಾರಲ್ಲ, ಸರಿಸುಮಾರು ಅಂಥದೇ ಏರ್ಪಾಡು ಅಲ್ಲಿಯೂ ಇತ್ತು. ಹಿಂಡು ಯಾವ ದಾರಿಯಲ್ಲಿ ಬರಬೇಕು, ಯಾವಾಗ ಬರಬೇಕು ಎಂಬುದಕ್ಕೆ ಕಟ್ಟಳೆಯಿತ್ತು. ಬೆಳೆ ಮೇಯ್ದರೆ ಎರಡೂ ಕಡೆಯ ಹಿರಿಯರು ಕೂತು ದಂಡ ಕಟ್ಟಿಸುತ್ತಿದ್ದರು. ಜಗಳ ಇರಲಿಲ್ಲ ಎಂದಲ್ಲ, ತೀರಿಸುವ ಕಟ್ಟೆ ಇತ್ತು. 1971ರಲ್ಲಿ ನಿಮೇರಿ ಸರಕಾರ ಆ ಸ್ಥಳೀಯ ಆಡಳಿತವನ್ನು ರದ್ದು ಮಾಡಿತು. ಅದರ ಜಾಗದಲ್ಲಿ ಬರಬೇಕಿದ್ದ ಪೊಲೀಸು, ಕೋರ್ಟು ದೂರದ ಹಳ್ಳಿಗಳನ್ನು ಮುಟ್ಟಲೇ ಇಲ್ಲ. 1984-85ರಲ್ಲಿ ಭೀಕರ ಬರಗಾಲ. ಮರುಭೂಮಿ ದಕ್ಷಿಣಕ್ಕೆ ಚಾಚಿತು, ಒಂಟೆಯವರು ಹೊತ್ತಿಗೆ ಮುಂಚೆಯೇ ಇಳಿದು ಬಂದರು, ರೈತರು ಹೊಲಕ್ಕೆ ಬೇಲಿ ಹಾಕಿದರು, ಹುಲ್ಲಿಗೆ ಬೆಂಕಿಯಿಟ್ಟರು. ಪಕ್ಕದ ಚಾಡ್ ಮತ್ತು ಲಿಬಿಯಾ ನಡುವಿನ ಯುದ್ಧದಿಂದ ಕಲಾಶ್ನಿಕೋವ್‌ಗಳು ಸಂತೆಗೆ ಬಂದವು. ಹವಾಮಾನ ಬದಲಾವಣೆಯಿಂದ ಆದ ಯುದ್ಧ ಎಂದು ದಾರ್ಫುರನ್ನು ಕರೆಯುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಬರ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಹೇಲ್ ಪಟ್ಟಿಯುದ್ದಕ್ಕೂ ಬಿದ್ದಿತ್ತು. ಬರಕ್ಕೆ ಮೊದಲೇ ನ್ಯಾಯದ ಕಟ್ಟೆಯನ್ನು ಕೆಡವಿದ್ದು, ಆಮೇಲೆ ಒಂದು ಪಕ್ಷಕ್ಕೆ ಸರಕಾರವೇ ಬಂದೂಕು ಹಂಚಿದ್ದು, ಇವೆರಡು ಖಾರ್ಟೂಮಿನಲ್ಲಿ ಕೂತು ಮಾಡಿದ ತೀರ್ಮಾನಗಳು.

2000ದಲ್ಲಿ ಖಾರ್ಟೂಮಿನ ಮಸೀದಿಗಳ ಹೊರಗೆ ಗುಟ್ಟಾಗಿ ಒಂದು ಪುಸ್ತಕ ಹಂಚಿದರು, ಕಪ್ಪು ಪುಸ್ತಕ ಎಂದು ಅದರ ಹೆಸರು. ಸ್ವಾತಂತ್ರ್ಯ ಬಂದಾಗಿನಿಂದ ಮಂತ್ರಿಗಳು, ದೊಡ್ಡ ಅಧಿಕಾರಿಗಳು ಯಾವ ಯಾವ ಪ್ರದೇಶದವರು ಎಂಬ ಲೆಕ್ಕ ಅಷ್ಟೇ ಅದರಲ್ಲಿ. ಜನಸಂಖ್ಯೆಯ ಐದಾರು ಶೇಕಡ ಇರುವ, ನೈಲ್ ದಡದ ಉತ್ತರ ಭಾಗದವರೇ ಹುದ್ದೆಗಳನ್ನೆಲ್ಲ ಹಿಡಿದು ಕೂತಿದ್ದಾರೆ ಎಂದು ಪಟ್ಟಿ ಸಮೇತ ತೋರಿಸಿತ್ತು.

2003ರ ಏಪ್ರಿಲಿನಲ್ಲಿ ದಾರ್ಫುರ್ ಬಂಡುಕೋರರು ಎಲ್ ಫಾಶರ್ ವಿಮಾನ ನಿಲ್ದಾಣಕ್ಕೆ ನುಗ್ಗಿ ನಿಂತಿದ್ದ ಸೇನಾ ವಿಮಾನಗಳನ್ನು ಸುಟ್ಟರು. ಸೇನೆಯ ಜವಾನರಲ್ಲಿ ಬಹಳ ಮಂದಿ ದಾರ್ಫುರದವರೇ, ಅವರನ್ನು ನಂಬುವ ಹಾಗಿರಲಿಲ್ಲ. ಬಶೀರ್ ಹಳೆಯ ಅಗ್ಗದ ದಾರಿ ಹಿಡಿದ. ಜೈಲಿನಲ್ಲಿದ್ದ ಮೂಸಾ ಹಿಲಾಲ್ ಎಂಬ ಅರಬ್ ಮುಖಂಡನನ್ನು ಬಿಡಿಸಿ, ಜಂಜವೀದ್ ಎಂದು ಹೆಸರಾದ ಕುದುರೆ ಮತ್ತು ಒಂಟೆ ಸವಾರರ ಪಡೆಗೆ ಬಂದೂಕು ಕೊಟ್ಟ. ಮೇಲಿಂದ ವಿಮಾನದ ಬಾಂಬು, ಕೆಳಗಿಂದ ಬೆಂಕಿ. ವಿಶ್ವಸಂಸ್ಥೆಯ ಅಂದಾಜಿನಂತೆ ಸುಮಾರು ಮೂರು ಲಕ್ಷ ಜನ ಸತ್ತರು. ಮಂಗಳೂರಿನಲ್ಲಿ ನೈಲ್ ಬ್ಲೆಂಡ್ ಟ್ಯಾಂಕಿಗೆ ತುಂಬುತ್ತಿದ್ದದ್ದು ಸರಿಯಾಗಿ ಅದೇ ವರ್ಷ.

ಆ ಪಡೆಯಲ್ಲಿ ಒಂಟೆ ವ್ಯಾಪಾರ ಮಾಡಿಕೊಂಡಿದ್ದ ಒಬ್ಬ ಯುವಕನಿದ್ದ, ಮೊಹಮದ್ ಹಮ್ದಾನ್ ದಗಾಲೊ. ಹೆಮೆದ್ತಿ ಎಂದೇ ಈಗ ಜಗತ್ತಿಗೆ ಪರಿಚಯ. 2007ರಲ್ಲಿ ಈತ ಕೆಲವು ತಿಂಗಳು ಸರಕಾರದ ವಿರುದ್ಧವೇ ತಿರುಗಿಬಿದ್ದ. ಬೇಡಿಕೆ ಏನು? ಬಾಕಿ ಸಂಬಳ, ತನ್ನವರಿಗೆ ಹುದ್ದೆ. ಸಿಕ್ಕಿತು, ಮರಳಿದ. ಈ ಒಂದು ಘಟನೆಯನ್ನು ವಾಟ್ಸ್ಯಾಪ್ ಗುಂಪಿನ ನನ್ನ ಗೆಳೆಯರು ಓದಬೇಕು. 2013ರಲ್ಲಿ ಬಶೀರ್ ಆತನ ಕೈಕೆಳಗೆ ಕ್ಷಿಪ್ರ ಬೆಂಬಲ ಪಡೆ, ಅಂದರೆ ಆರ್‌ಎಸ್‌ಎಫ್, ರಚಿಸಿದ. ಸೇನೆ ತನ್ನನ್ನು ಕೆಳಗಿಳಿಸದಂತೆ ಕಾಯಲು ಇನ್ನೊಂದು ಸೇನೆ.

ಅಷ್ಟರಲ್ಲಿ ದಾರ್ಫುರದ ಜೆಬೆಲ್ ಅಮೆರ್ ಬೆಟ್ಟದಲ್ಲಿ ಚಿನ್ನ ಸಿಕ್ಕಿತ್ತು. ಎಣ್ಣೆಗೂ ಚಿನ್ನಕ್ಕೂ ಇರುವ ವ್ಯತ್ಯಾಸ ನನ್ನಂಥವನಿಗೆ ಚೆನ್ನಾಗಿ ಅರ್ಥವಾಗುತ್ತದೆ. ಎಣ್ಣೆ ತೆಗೆಯಲು ರಿಗ್ಗು, ಪಂಪು, ಸಾವಿರಾರು ಕಿಲೋಮೀಟರ್ ಪೈಪು, ಬಂದರು, ವಿಮೆ, ಕರಾರುಪತ್ರ ಎಲ್ಲ ಬೇಕು. ಅಂದರೆ ಸರಕಾರ ಬೇಕು, ಎಣ್ಣೆಯ ಹಣವೂ ಅದರ ಖಜಾನೆಗೇ ಹೋಗುತ್ತದೆ. ಚಿನ್ನಕ್ಕೆ ಹಾರೆ, ಪಾದರಸ, ಗುಂಡಿಯ ಬಾಯಲ್ಲಿ ಬಂದೂಕು ಹಿಡಿದ ನಾಲ್ಕು ಜನ ಸಾಕು. ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಬಹುದು. ಕ್ರೂಡನ್ನು ಲ್ಯಾಬಿಗೆ ಕೊಟ್ಟರೆ ಯಾವ ಕಡೆಯ ಬಾವಿಯದ್ದು ಎಂದು ಹೇಳಬಹುದು. ಕರಗಿಸಿ ಇನ್ನೊಂದರ ಜೊತೆ ಬೆರೆಸಿದ ಚಿನ್ನ ಎಲ್ಲಿಯದೆಂದು ಹೇಳುವುದು ಬಹಳ ಕಷ್ಟ. 2011ರಲ್ಲಿ ಎಣ್ಣೆ ಕೈಬಿಟ್ಟ ಮೇಲೆ ಸುಡಾನಿನ ಬದುಕು ಈ ಚಿನ್ನದ ಮೇಲೆ ನಿಂತಿತು. 2017ರಲ್ಲಿ ಹೆಮೆದ್ತಿ ತನ್ನ ಹಳೆಯ ಯಜಮಾನ ಮೂಸಾ ಹಿಲಾಲನನ್ನೇ ಸೆರೆಹಿಡಿದು ಜೆಬೆಲ್ ಅಮೆರ್ ವಶಮಾಡಿಕೊಂಡ. ಯೆಮೆನ್ ಯುದ್ಧಕ್ಕೆ ತನ್ನ ಹುಡುಗರನ್ನು ಕಳಿಸಿ ಕೊಲ್ಲಿ ದೇಶಗಳಿಂದಲೂ ದುಡ್ಡು ಪಡೆದ. ಕುಟುಂಬದ ಹೆಸರಿನಲ್ಲಿ ಚಿನ್ನದ ಕಂಪನಿ, ಚಿನ್ನ ಹೋಗುವುದು ದುಬೈಗೆ. ಸರಕಾರ ಸಾಕಿದ ಪಡೆಗೆ ಈಗ ಸರಕಾರದ ಸಂಬಳ ಬೇಕಾಗಿರಲಿಲ್ಲ. ಇದಾದ ಮೇಲೆ ಯುದ್ಧ ಆಗದೆ ಉಳಿದಿದ್ದರೆ ಅದೇ ಆಶ್ಚರ್ಯ.

ಮುಂದಿನದು ವೇಗವಾಗಿ ಆಯಿತು. 2018ರ ಡಿಸೆಂಬರಿನಲ್ಲಿ, ರೈಲ್ವೆ ಕಾರ್ಮಿಕರ ಊರಾದ ಅತ್ಬರಾದಲ್ಲಿ, ಒಂದು ಸುಡಾನಿ ಪೌಂಡ್ ಇದ್ದ ರೊಟ್ಟಿಯ ಬೆಲೆ ಮೂರು ಪೌಂಡಾಯಿತು ಎಂದು ಜನ ಬೀದಿಗಿಳಿದರು. ನಾಲ್ಕೇ ತಿಂಗಳಲ್ಲಿ ಬಶೀರನ ಮೂವತ್ತು ವರ್ಷದ ಆಳ್ವಿಕೆ ಮುಗಿಯಿತು. ಕುಲ, ಪ್ರದೇಶ ನೋಡದೆ ಹುಡುಗರು ಹುಡುಗಿಯರು ಸೇನಾ ಕೇಂದ್ರದ ಮುಂದೆ ವಾರಗಟ್ಟಲೆ ಕೂತರು. ಸಾವಿರ ವರ್ಷದ ದ್ವೇಷದವರು ನೋಡಿ ಇವರು! 2019ರ ಜೂನ್ 3ರಂದು ಭದ್ರತಾ ಪಡೆಗಳವರು ಅವರ ಮೇಲೆ ಗುಂಡು ಹಾರಿಸಿ ನೂರಕ್ಕೂ ಹೆಚ್ಚು ಜನರನ್ನು ಕೊಂದರು. ಸ್ವಲ್ಪ ಕಾಲ ನಾಗರಿಕರ ಜೊತೆ ಪಾಲುದಾರಿಕೆಯ ಸರಕಾರ ನಡೆದು, 2021ರ ಅಕ್ಟೋಬರಿನಲ್ಲಿ ಸೇನೆಯ ಮುಖ್ಯಸ್ಥ ಬುರ್ಹಾನ್ ಮತ್ತು ಹೆಮೆದ್ತಿ ಜೊತೆಯಾಗಿ ಅದನ್ನೂ ಕಿತ್ತೊಗೆದರು. ಉಳಿದದ್ದು ಅವರಿಬ್ಬರ ಲೆಕ್ಕ. ಆರ್‌ಎಸ್‌ಎಫ್ ಎರಡು ವರ್ಷದೊಳಗೆ ಸೇನೆಯಲ್ಲಿ ಸೇರಬೇಕು ಎಂದು ಬುರ್ಹಾನ್, ಹತ್ತು ವರ್ಷ ಬೇಕು ಎಂದು ಹೆಮೆದ್ತಿ. 2023ರ ಏಪ್ರಿಲ್ 15ಕ್ಕೆ ಖಾರ್ಟೂಮಿನಲ್ಲಿ ಗುಂಡು ಹಾರಿತು. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು.

ಆಗ ನಮ್ಮಲ್ಲಿ ವಿಧಾನಸಭಾ ಚುನಾವಣೆಯ ಕಾವು. ಗಿಡಮೂಲಿಕೆ ಔಷಧಿ, ತಲೆಗೂದಲ ಎಣ್ಣೆ ಮಾರಲು ಹೋಗಿದ್ದ ಹಕ್ಕಿಪಿಕ್ಕಿ ಜನ ಸುಡಾನಿನಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದು ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ರಾಜಕೀಯ ಮಾಡಬೇಡಿ ಎಂದು ತಿರುಗಿ ಉತ್ತರಿಸಿದರು. ಅವರು ಸಿಕ್ಕಿಬಿದ್ದಿದ್ದ ಊರು ಇದೇ ಎಲ್ ಫಾಶರ್. ಆಪರೇಷನ್ ಕಾವೇರಿಯಲ್ಲಿ ಪೋರ್ಟ್ ಸುಡಾನಿಗೆ ಬಂದ ಭಾರತೀಯರನ್ನು ಹಡಗು ಮತ್ತು ವಿಮಾನದಲ್ಲಿ ಜೆದ್ದಾ ಮುಟ್ಟಿಸಿ ಊರಿಗೆ ಕರೆತಂದರು. ಟಿವಿಯವರು ಟ್ವೀಟ್ ಜಗಳವನ್ನು ತೋರಿಸಿದಷ್ಟು ಸುಡಾನನ್ನು ತೋರಿಸಲಿಲ್ಲ. ನನಗೆ ಮಾತ್ರ ಬೆರಗು ಹುಟ್ಟಿಸಿದ್ದು ಬೇರೆ. ಶಿವಮೊಗ್ಗ, ದಾವಣಗೆರೆ ಕಡೆಯ ಸಣ್ಣ ಕಾಲೊನಿಗಳ ಜನ ಬಾಟಲಿ ಚೀಲ ಹೆಗಲಿಗೇರಿಸಿ ದಾರ್ಫುರದ ಸಂತೆಯಲ್ಲಿ ಗಿರಾಕಿ ಸಂಪಾದಿಸಿದ್ದರು ಎಂದರೆ, ಅಲ್ಲಿ ಅಪರಿಚಿತನಿಂದ ಔಷಧಿ ಕೊಂಡು ತಲೆಗೆ ಹಚ್ಚಿಕೊಳ್ಳುವಷ್ಟು ಸಾಧಾರಣ ಬದುಕು ನಡೆಯುತ್ತಿತ್ತು ಎಂದಾಯಿತಲ್ಲ!

ಇಷ್ಟು ಓದಿದವರು ಎರಡು ಆಕ್ಷೇಪ ಎತ್ತಬಹುದು. ಒಂದು, ಶ್ರೀಲಂಕಾದಲ್ಲಿ ಎಣ್ಣೆಯೂ ಇಲ್ಲ, ಚಿನ್ನವೂ ಇಲ್ಲ, 1983ರಿಂದ 2009ರವರೆಗೆ ಯುದ್ಧ ನಡೆಯಲಿಲ್ಲವೇ? ನಡೆಯಿತು. ಸಿಟ್ಟಿನ ಮೂಲ 1956ರ ಸಿಂಹಳ ಮಾತ್ರ ಎಂಬ ಕಾನೂನು, ವಿಶ್ವವಿದ್ಯಾಲಯದ ಸೀಟುಗಳಲ್ಲಿ ತಮಿಳು ಹುಡುಗರಿಗೆ ಹೆಚ್ಚು ಅಂಕ ಬೇಕೆಂದದ್ದು, 1983ರ ಜುಲೈ ಹತ್ಯಾಕಾಂಡ. ಆದರೆ ಎಲ್‌ಟಿಟಿಇಗೆ ಅಷ್ಟು ವರ್ಷ ಖರ್ಚಿಗೆ ಬಂದದ್ದು ಬಹುಪಾಲು ಕೆನಡಾ ಮತ್ತು ಯುರೋಪಿಗೆ ಹೋದ ತಮಿಳರಿಂದ, ಕೆಲವರು ಮನಸಾರೆ ಕೊಟ್ಟರು, ಕೆಲವರಿಂದ ವಸೂಲಿ ಮಾಡಿದರು. ಹಣದ ಬಾವಿ ಬೇರೆ ಕಡೆ ಇತ್ತು, ಅಷ್ಟೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಎಲ್ಲವೂ ದುಡ್ಡಿಗಾಗಿ ಎಂದರೆ 2023ರಲ್ಲಿ ಎಲ್ ಜೆನೈನಾ ಪಟ್ಟಣದಲ್ಲಿ ಆರ್‌ಎಸ್‌ಎಫ್ ಮತ್ತು ಅದರ ಜೊತೆಗಾರರು ಮಸಾಲಿತ್ ಜನರನ್ನೇ ಹುಡುಕಿ ಹುಡುಕಿ ಕೊಂದದ್ದು ಯಾಕೆ? ವಿಶ್ವಸಂಸ್ಥೆಯ ತಜ್ಞರ ವರದಿ ಅಲ್ಲಿ ಸತ್ತವರು ಹತ್ತರಿಂದ ಹದಿನೈದು ಸಾವಿರ ಇರಬಹುದು ಎನ್ನುತ್ತದೆ. ಬಡವನನ್ನು ಕೊಂದರೆ ಯಾವ ಚಿನ್ನವೂ ಸಿಗುವುದಿಲ್ಲ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಭೂಮಿ ಸಿಗುತ್ತದೆ ಎಂಬುದು ಒಂದು ಭಾಗ. ಇನ್ನೊಂದು ಭಾಗ, ಇಪ್ಪತ್ತು ವರ್ಷ ಅರಬ್ ಮತ್ತು ಅರಬರಲ್ಲದವರು ಎಂದು ಬಂದೂಕು ಹಂಚಿದ ಮೇಲೆ, ಆ ಇಪ್ಪತ್ತು ವರ್ಷದಲ್ಲಿ ಹುಟ್ಟಿ ಬೆಳೆದ ಹುಡುಗನಿಗೆ ಅದು ಸಾವಿರ ವರ್ಷದ್ದೇ ಎನಿಸುತ್ತದೆ. ಅವನ ದ್ವೇಷ ಸುಳ್ಳಲ್ಲ. ಅದಕ್ಕೆ ವಯಸ್ಸು ಅವನಷ್ಟೇ.

ಹೊರಗಿನವರು? ಯುಎಇ ಆರ್‌ಎಸ್‌ಎಫ್‌ಗೆ ಆಯುಧ ಕಳಿಸುತ್ತದೆ ಎಂಬ ಆರೋಪವನ್ನು ಆ ದೇಶ ಪದೇ ಪದೇ ಅಲ್ಲಗಳೆದಿದೆ. ಚಿನ್ನ ಅಲ್ಲಿಗೆ ಹೋಗುವುದನ್ನು ಯಾರೂ ಅಲ್ಲಗಳೆಯುವುದಿಲ್ಲ, ಸೇನೆಯ ಹಿಡಿತದಲ್ಲಿರುವ ಗಣಿಗಳ ಚಿನ್ನವೂ ಹೋಗುವುದು ಹೆಚ್ಚಾಗಿ ಅಲ್ಲಿಗೇ. ಎರಡು ಪಕ್ಷಗಳ ಚಿನ್ನವೂ ಒಂದೇ ಮಾರುಕಟ್ಟೆಯಲ್ಲಿ ಬಿಕರಿಯಾಗುತ್ತದೆ. ಶಾಂತಿ ಮಾತುಕತೆಗಳಲ್ಲಿ ಕದನವಿರಾಮದ ಬಗ್ಗೆ ಎಷ್ಟು ಮಾತು ಬರುತ್ತದೋ, ಈ ಮಾರುಕಟ್ಟೆಯ ಬಗ್ಗೆ ಅಷ್ಟು ಕಡಿಮೆ. ಅದೂ ಅಲ್ಲದೆ ಪ್ರತಿ ಒಪ್ಪಂದದಲ್ಲೂ ಬಂದೂಕು ಹಿಡಿದವನಿಗೇ ಮಂತ್ರಿಗಿರಿ. 2020ರ ಜುಬಾ ಒಪ್ಪಂದದಲ್ಲಿ ದಾರ್ಫುರದ ಒಬ್ಬ ಬಂಡಾಯ ನಾಯಕ ಹಣಕಾಸು ಮಂತ್ರಿಯಾದ, ಇನ್ನೊಬ್ಬ ದಾರ್ಫುರದ ರಾಜ್ಯಪಾಲನಾದ. ಅತ್ಬರಾದಲ್ಲಿ ರೊಟ್ಟಿಗಾಗಿ ಬೀದಿಗಿಳಿದವರಿಗೆ ಏನೂ ಸಿಗಲಿಲ್ಲ. ಮುಂದಿನ ಪೀಳಿಗೆಯ ಜಾಣ ಹುಡುಗ ಇದರಿಂದ ಏನು ಕಲಿತಾನು ಎಂದು ಯೋಚಿಸಿ.

ಕೊನೆಗೆ ಹೆಗ್ಲಿಗ್. 2003ರಲ್ಲಿ ನಮ್ಮ ಹಡಗಿಗೆ ಬಂದ ಎಣ್ಣೆಯ ಪೈಪು ಹೊರಡುವ ಜಾಗ. ಎಲ್ ಫಾಶರ್ ಬಿದ್ದು ಆರು ವಾರಕ್ಕೆ, 2025ರ ಡಿಸೆಂಬರಿನಲ್ಲಿ, ಆರ್‌ಎಸ್‌ಎಫ್ ಹೆಗ್ಲಿಗ್ ಹಿಡಿಯಿತು, ಸುಡಾನ್ ಸೇನೆ ಗಡಿ ದಾಟಿ ದಕ್ಷಿಣಕ್ಕೆ ಸರಿಯಿತು. ದಕ್ಷಿಣ ಸುಡಾನಿನ ಎಣ್ಣೆಯೂ ಅಲ್ಲಿಯೇ ಸಂಸ್ಕರಣೆಯಾಗಿ ಮುಂದೆ ಹೋಗುವುದರಿಂದ ಎಲ್ಲರಿಗೂ ನಡುಕ. ಕೆಲವೇ ದಿನಗಳಲ್ಲಿ ಬುರ್ಹಾನ್, ಹೆಮೆದ್ತಿ ಮತ್ತು ಸಾಲ್ವಾ ಕೀರ್ ನಡುವೆ ಮಾತಾಯಿತು. ದಕ್ಷಿಣ ಸುಡಾನಿನ ಸೈನಿಕರು ಬಂದು ಕಾವಲು ನಿಲ್ಲಬೇಕು, ಅಲ್ಲಿ ಯಾರೂ ಗುಂಡು ಹಾರಿಸಬಾರದು, ಯಂತ್ರಗಳಿಗೆ ಏನೂ ಆಗಬಾರದು ಎಂದು ಮೂವರೂ ಒಪ್ಪಿದರು. ಎಲ್ ಫಾಶರ್ ಐನೂರು ದಿನ ಮುತ್ತಿಗೆಯಲ್ಲಿತ್ತು. ಜನ ಪ್ರಾಣಿಗಳಿಗೆ ಹಾಕುವ ಹಿಂಡಿ ತಿಂದು ದಿನ ದೂಡಿದ್ದರು. ಆ ಊರಿನ ವಿಷಯದಲ್ಲಿ ಇಂಥದೊಂದು ಒಪ್ಪಂದಕ್ಕೆ ಅವರು ಬರಲಿಲ್ಲ.